ಕಾಡಿಗೆ ಬೆಂಕಿ ಬಿದ್ದಾಗ ಹೆಲಿಕಾಪ್ಟರ್ ಹುಡುಕಿದರಂತೆ



ಫೆಬ್ರವರಿ 25, 2019. ಆ ದಿನದ ಒಂದು ದೃಶ್ಯ ನಿಮಗೆ ನೆನಪಿರಬಹುದು. ಬಂಡೀಪುರದ ಕಾಡು ಹೊತ್ತಿ ಉರೀತಾ ಇದೆ. ಹೊಗೆಯ ಮೇಲೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್. ಅದರ ಹೊಟ್ಟೆಯ ಕೆಳಗೆ ಉದ್ದನೆಯ ಹಗ್ಗ, ಹಗ್ಗದ ತುದಿಗೆ ದೊಡ್ಡದೊಂದು ಬಕೆಟ್. ಬಕೆಟ್‌ನ ತಳ ತೆರೆದುಕೊಳ್ಳುತ್ತೆ, ನೀರು ಧೋ ಅಂತ ಕಾಡಿನ ಮೇಲೆ ಬೀಳುತ್ತೆ. ನಾವು ಟಿವಿಯವರು ಆ ದೃಶ್ಯವನ್ನ ದಿನವಿಡೀ ತೋರಿಸಿದೆವು. ನೀವೂ ನೋಡಿದಿರಿ. ಅಬ್ಬಾ, ಅಂತೂ ಸರ್ಕಾರ ಬಂತು ಅಂತ ಸಮಾಧಾನಪಟ್ಟಿರಿ.

ಸರ್ಕಾರ ಬಂದಿದ್ದು ನಿಜ. ಆದ್ರೆ ಯಾವಾಗ ಬಂತು? ಬೆಂಕಿ ಶುರುವಾಗಿ ನಾಲ್ಕು ದಿನ ಕಳೆದ ಮೇಲೆ. ಅಷ್ಟು ಹೊತ್ತಿಗೆ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಕಪ್ಪು ಬೂದಿ. ಆಮೇಲೆ ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕಿದಾಗ ಸುಟ್ಟಿದ್ದು ಹತ್ತು ಸಾವಿರ ಎಕರೆಗೂ ಹೆಚ್ಚು ಅಂತ ಗೊತ್ತಾಯ್ತು. ಮೊಲ, ಹಾವು, ಆಮೆ, ಮರಿ ಹಕ್ಕಿ, ಓಡೋಕೆ ಆಗದ ಜೀವಗಳು ಎಷ್ಟು ಹೋದವು ಅನ್ನೋದಕ್ಕೆ ಲೆಕ್ಕವೇ ಇಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಬಕೆಟ್‌ನಲ್ಲಿ ಸುಮಾರು ಮೂರು ಸಾವಿರ ಲೀಟರ್ ನೀರು ಅಂತಿಟ್ಟುಕೊಳ್ಳಿ. ಹತ್ತು ಸಲ ಹೋಗಿ ಹತ್ತು ಸಲ ಸುರಿದರೆ ಮೂವತ್ತು ಸಾವಿರ ಲೀಟರ್. ಬೆಂಗಳೂರಿನವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ. ಬೇಸಿಗೆಯಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ಗೇಟಿಗೆ ಹನ್ನೆರಡು ಸಾವಿರ ಲೀಟರ್‌ನ ಟ್ಯಾಂಕರ್ ಬರುತ್ತಲ್ಲ, ಅಂಥ ಎರಡೂವರೆ ಟ್ಯಾಂಕರ್ ನೀರು. ಹತ್ತು ಸಾವಿರ ಎಕರೆ ಬೆಂಕಿಗೆ ಎರಡೂವರೆ ಟ್ಯಾಂಕರ್! ಹೇಳಿ, ಇದು ಬೆಂಕಿ ಆರಿಸೋ ಲೆಕ್ಕವಾ?

ಹಾಗಂತ ವಾಯುಪಡೆಯವರನ್ನ ನಾನು ಹಗುರವಾಗಿ ಮಾತಾಡ್ತಾ ಇಲ್ಲ. ಆ ಹೊಗೆಯಲ್ಲಿ, ಆ ಬೆಟ್ಟದ ಗಾಳಿಯಲ್ಲಿ, ಕೆಳಗೆ ಭಾರದ ಬಕೆಟ್ ತೂಗಾಡ್ತಾ ಇರುವಾಗ ಹೆಲಿಕಾಪ್ಟರ್ ಹಾರಿಸೋದು ಪ್ರಾಣ ಪಣಕ್ಕಿಟ್ಟು ಮಾಡೋ ಕೆಲಸ. 2023ರ ಜುಲೈನಲ್ಲಿ ಗ್ರೀಸ್ ದೇಶದ ಎವಿಯಾ ದ್ವೀಪದಲ್ಲಿ ಕಾಡಿನ ಬೆಂಕಿಗೆ ನೀರು ಸುರಿದ ವಿಮಾನ ನೆಲಕ್ಕಪ್ಪಳಿಸಿ ಇಬ್ಬರು ಪೈಲಟ್‌ಗಳು ಸತ್ತರು. 2020ರ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಇಂಥದ್ದೇ ಕೆಲಸದಲ್ಲಿದ್ದ ವಿಮಾನ ಬಿದ್ದು ಮೂವರು ಹೋದರು. ಅವರ ಧೈರ್ಯಕ್ಕೆ ಕೈಮುಗಿಯೋಣ. ನನ್ನ ಪ್ರಶ್ನೆ ಪೈಲಟ್‌ಗಲ್ಲ, ಖಜಾನೆಯ ಕೀಲಿಕೈ ಇಟ್ಟುಕೊಂಡವರಿಗೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಆಕಾಶದಿಂದ ಸುರಿಯೋ ನೀರು ಕಾಡಿನ ಬೆಂಕಿಯನ್ನ ತಾನೊಂದೇ ಆರಿಸೋದು ಅಪರೂಪ. ಬೆಂಕಿಯ ಓಟವನ್ನ ಅದು ನಿಧಾನ ಮಾಡುತ್ತೆ, ಜ್ವಾಲೆಯ ಎತ್ತರವನ್ನ ತಗ್ಗಿಸುತ್ತೆ. ಆ ಸ್ವಲ್ಪ ಹೊತ್ತಿನಲ್ಲಿ ನೆಲದ ಮೇಲೆ ಇರುವ ಜನ ಹತ್ತಿರ ಹೋಗಿ ಬಡಿದು, ಕೆದಕಿ, ಸುತ್ತ ಬೋಳು ಮಾಡಿ ಬೆಂಕಿ ಮುಗಿಸಬೇಕು. ನೆಲದಲ್ಲಿ ಜನ ಇಲ್ಲದಿದ್ರೆ ಏನಾಗುತ್ತೆ? ನೀರು ಬಿದ್ದ ಜಾಗ ಬಿಸಿಲಿಗೆ ಮತ್ತೆ ಒಣಗುತ್ತೆ. ಪಕ್ಕದ ದಿಮ್ಮಿಯೊಳಗೆ ಕೆಂಡ ಹಾಗೇ ಇರುತ್ತೆ. ಗಾಳಿ ಬೀಸಿದ ತಕ್ಷಣ ಮತ್ತೆ ಶುರು. ಕಡಿದಾದ ಬಂಡೆಯ ಇಳಿಜಾರು, ಮನುಷ್ಯರು ಹತ್ತಲಾಗದ ಜಾಗ, ಅಂಥ ಕಡೆ ಹೆಲಿಕಾಪ್ಟರ್ ಬೇಕೇ ಬೇಕು. ಬೆಂಕಿ ಚಿಕ್ಕದಿರುವಾಗ ಬಂದರಂತೂ ಅದರ ಉಪಯೋಗ ಬಹಳ. ಆದ್ರೆ ಹೆಲಿಕಾಪ್ಟರ್ ಬರಬೇಕಾದ್ರೆ ಹತ್ತಿರದಲ್ಲಿ ನೀರಿನ ಕೆರೆ ಇರಬೇಕು. ಹೊಗೆ ಇದ್ರೂ ದಾರಿ ಕಾಣಬೇಕು. ಗಾಳಿ ಮಿತಿಯಲ್ಲಿರಬೇಕು. ಕತ್ತಲಾದ ಮೇಲೆ ಬಕೆಟ್ ಹೊತ್ತು ಹಾರೋದು ಎಲ್ಲ ಕಡೆ ಆಗೋ ಮಾತಲ್ಲ. ಬೆಂಕಿಗೆ ಇದ್ಯಾವ ಷರತ್ತೂ ಇಲ್ಲ, ನೋಡಿ.

ದುಡ್ಡಿದ್ರೆ ಎಲ್ಲ ಆಗುತ್ತೆ ಅಂತೀರಾ? ಸರಿ, ಜಗತ್ತಿನ ಅತಿ ದುಡ್ಡಿರುವ ಜಾಗಕ್ಕೇ ಹೋಗೋಣ. ಅಮೆರಿಕದ ಕ್ಯಾಲಿಫೋರ್ನಿಯಾ. ನಮ್ಮ ಕನ್ನಡಿಗರೂ ಸಾಕಷ್ಟು ಜನ ಇದ್ದಾರೆ ಅಲ್ಲಿ. ಆ ರಾಜ್ಯದ ಅಗ್ನಿಶಾಮಕ ಇಲಾಖೆಯ ಹತ್ತಿರ ಬೆಂಕಿ ಆರಿಸೋಕೆ ಅಂತಲೇ ಅರವತ್ತಕ್ಕೂ ಹೆಚ್ಚು ವಿಮಾನ, ಹೆಲಿಕಾಪ್ಟರ್‌ಗಳಿವೆ. 2025ರ ಜನವರಿ 7ರಂದು ಲಾಸ್ ಏಂಜಲೀಸ್‌ನಲ್ಲಿ ಬೆಂಕಿ ಹೊತ್ತಿತು. ಅವತ್ತು ಸಂಜೆ ಆಗಿದ್ದೇನು? ಗಾಳಿಯ ವೇಗ ಕೆಲವು ಕಡೆ ಗಂಟೆಗೆ 130 ಕಿಲೋಮೀಟರ್ ದಾಟಿತು. ವಿಮಾನಗಳನ್ನ ನೆಲಕ್ಕಿಳಿಸಬೇಕಾಯ್ತು. ಅತಿ ಹೆಚ್ಚು ಬೇಕಾದ ರಾತ್ರಿಯೇ ಅವು ಹಾರಲಿಲ್ಲ! ಆಮೇಲೆ ಗಾಳಿ ತಗ್ಗಿದಾಗ ಹಾರಿದವು, ಒಳ್ಳೆ ಕೆಲಸವನ್ನೂ ಮಾಡಿದವು. ಜನವರಿ 9ರಂದು ಕೆನಡಾದಿಂದ ಬಂದಿದ್ದ ನೀರಿನ ವಿಮಾನವೊಂದಕ್ಕೆ ಯಾರೋ ಮೋಜಿಗೆ ಹಾರಿಸಿದ ಡ್ರೋನ್ ಬಡಿದು ರೆಕ್ಕೆಯಲ್ಲಿ ತೂತು ಬಿತ್ತು. ಅದನ್ನೂ ನೆಲಕ್ಕಿಳಿಸಬೇಕಾಯ್ತು. ಕೊನೆಗೆ ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಬೂದಿ, ಸುಮಾರು ಮೂವತ್ತು ಜೀವ ಹೋಯ್ತು. ವಿಮಾನ ಇರಲಿಲ್ಲ ಅಂತಲ್ಲ ಸ್ವಾಮಿ. ಇತ್ತು. ಪ್ರಕೃತಿ ಅವತ್ತು ಹಾರೋಕೆ ಬಿಡಲಿಲ್ಲ.

ಅಷ್ಟು ವಿಮಾನ ಇರೋರ ಕಥೆ ಇದು. ನಮ್ಮ ಕಥೆ ಏನು? ಭಾರತದಲ್ಲಿ ಕಾಡಿನ ಬೆಂಕಿಗೆ ಅಂತ ಮೀಸಲಿಟ್ಟ ವಿಮಾನಪಡೆ ಇಲ್ಲ. ಬೆಂಕಿ ಕೈಮೀರಿದಾಗ ವಾಯುಪಡೆಯನ್ನ ಕೇಳಬೇಕು. 2021ರಲ್ಲಿ ಮಣಿಪುರ-ನಾಗಾಲ್ಯಾಂಡ್ ಗಡಿಯ ಜುಕೋ ಕಣಿವೆ, 2022ರಲ್ಲಿ ರಾಜಸ್ಥಾನದ ಸರಿಸ್ಕಾ, 2024ರಲ್ಲಿ ನೈನಿತಾಲ್. ಎಲ್ಲ ಕಡೆ ಅದೇ ಎಂಐ-17, ಅದೇ ಬಕೆಟ್. ಎಲ್ಲ ಕಡೆ ಬೆಂಕಿ ದೊಡ್ಡದಾದ ಮೇಲೇ.

ಈಗ ನೆಲಕ್ಕೆ ಬರೋಣ. ನೆಲದಲ್ಲಿ ಯಾರಿದ್ದಾರೆ?

ನಮ್ಮ ಕಾಡಂಚಿನ ಹಾಡಿಗಳ ಸೋಲಿಗರು, ಜೇನುಕುರುಬರು ಇದ್ದಾರೆ. ಅರಣ್ಯ ರಕ್ಷಕರಿದ್ದಾರೆ. ಬೇಸಿಗೆಯ ಮೂರು ನಾಲ್ಕು ತಿಂಗಳಿಗೆ ಅಂತ ದಿನಗೂಲಿ ಮೇಲೆ ತಗೊಂಡ ಫೈರ್ ವಾಚರ್‌ಗಳಿದ್ದಾರೆ. ಇವರ ಕೈಯಲ್ಲಿ ಏನಿರುತ್ತೆ ಗೊತ್ತಾ? ಹಸಿ ಸೊಪ್ಪಿನ ಕೊಂಬೆ. ಹೌದು, ಕೊಂಬೆ ಮುರಿದು ಬೆಂಕಿ ಬಡಿಯೋದು. ತಾತನ ಕಾಲದಲ್ಲೂ ಅದೇ, ಇವತ್ತಿಗೂ ಅದೇ. ಬ್ಲೋವರ್ ಯಂತ್ರ ಕೆಲವು ಕಡೆ ಬಂದಿದೆ. ಬೆನ್ನಿಗೆ ಹೊತ್ತುಕೊಳ್ಳೋ ನೀರಿನ ಪಂಪು ಕೆಲವು ಕಡೆ ಇದೆ. ಆದ್ರೆ ಮೂಲ ಆಯುಧ ಇವತ್ತಿಗೂ ಸೊಪ್ಪಿನ ಕೊಂಬೆಯೇ.

2017ರ ಫೆಬ್ರವರಿ. ಇದೇ ಬಂಡೀಪುರದ ಕಲ್ಕೆರೆ ವಲಯ. ಬೆಂಕಿ ಆರಿಸೋಕೆ ಹೋದ ಒಬ್ಬ ಯುವ ಅರಣ್ಯ ರಕ್ಷಕ ಬೆಂಕಿಯಲ್ಲೇ ಸಿಕ್ಕಿ ಸತ್ತ. ನಾವೆಲ್ಲ ಎರಡು ದಿನ ಮರುಗಿದೆವು. ಎರಡೇ ವರ್ಷದಲ್ಲಿ ಅದೇ ಕಾಡು ಅದಕ್ಕಿಂತ ದೊಡ್ಡದಾಗಿ ಉರಿಯಿತು.

ಇನ್ನೊಂದು ಕಥೆ ಕೇಳಿ. ಜೂನ್ 13, 2024. ಉತ್ತರಾಖಂಡದ ಅಲ್ಮೋರಾ ಜಿಲ್ಲೆಯ ಬಿನ್ಸರ್ ಅಭಯಾರಣ್ಯ. ಬೆಂಕಿ ಆರಿಸೋಕೆ ಹೋದ ತಂಡವನ್ನ ಬೆಂಕಿಯೇ ಸುತ್ತುವರಿಯಿತು. ನಾಲ್ವರು ಸ್ಥಳದಲ್ಲೇ ಸತ್ತರು. ಒಬ್ಬ ಬೀಟ್ ಅಧಿಕಾರಿ, ಒಬ್ಬ ಫೈರ್ ವಾಚರ್, ಒಬ್ಬ ದಿನಗೂಲಿ ನೌಕರ, ಒಬ್ಬ ಪ್ರಾಂತೀಯ ರಕ್ಷಕ ದಳದ ಜವಾನ. ಇನ್ನೂ ನಾಲ್ವರು ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಿದರು. ಅವರನ್ನ ವಿಮಾನದಲ್ಲಿ ದೆಹಲಿಗೆ ಕರೆದೊಯ್ದರು. ಮಾರನೆಯ ದಿನ ವಾಯುಪಡೆಯ ಹೆಲಿಕಾಪ್ಟರ್ ಭೀಮತಾಲ್ ಕೆರೆಯಿಂದ ನೀರು ಎತ್ತಿ ಬಿನ್ಸರ್ ಮೇಲೆ ಸುರಿಯಿತು.

ಮಾರನೆಯ ದಿನ! ಈ ಎರಡು ಪದವನ್ನ ನೆನಪಿಟ್ಟುಕೊಳ್ಳಿ. ದಿನಗೂಲಿ ನೌಕರ ಬದುಕಿರುವಾಗ ಆಕಾಶ ಖಾಲಿ ಇತ್ತು. ಅವನು ಸತ್ತ ಮೇಲೆ ಹೆಲಿಕಾಪ್ಟರ್ ಬಂತು.

ಅದಕ್ಕೆ ಒಂದು ತಿಂಗಳ ಹಿಂದೆ ಸುಪ್ರೀಂ ಕೋರ್ಟ್ ಇದೇ ರಾಜ್ಯದ ಕಾಡಿನ ಬೆಂಕಿಯ ವಿಚಾರಣೆ ನಡೆಸಿತ್ತು. ಅಲ್ಲಿ ಎರಡು ಸಂಗತಿ ಹೊರಬಂತು. ಒಂದು, ರಾಜ್ಯ ಹತ್ತು ಕೋಟಿ ರೂಪಾಯಿ ಕೇಳಿದ್ರೆ ಸಿಕ್ಕಿದ್ದು ಮೂರು ಕೋಟಿ ಚಿಲ್ಲರೆ. ಯಾಕೆ ಅಂತ ಕೋರ್ಟ್ ಕೇಂದ್ರವನ್ನ ಕೇಳಿತು. ಎರಡು, ಕಾಡು ಉರೀತಿರುವಾಗ ಅರಣ್ಯ ಸಿಬ್ಬಂದಿಯನ್ನ ಚುನಾವಣಾ ಕೆಲಸಕ್ಕೆ ಹಾಕಿದ್ದರು. ಯಾಕೆ ಅಂತ ಕೋರ್ಟ್ ರಾಜ್ಯವನ್ನ ಕೇಳಿತು. ಕೇಳೋಕೆ ಕೋರ್ಟೇ ಬೇಕಾಯ್ತು ನೋಡಿ.

ಇನ್ನು 2025ರ ಫೆಬ್ರವರಿಯ ಕಥೆ ಹೇಳ್ತೀನಿ. ಅದೇ ರಾಜ್ಯದ ವಿಧಾನಸಭೆಯಲ್ಲಿ ಆಗ ಸಿಎಜಿ ವರದಿ ಮಂಡನೆಯಾಯ್ತು. ಕಾಡು ಕಡಿದ ಜಾಗಕ್ಕೆ ಬದಲಾಗಿ ಗಿಡ ನೆಡೋಕೆ ಅಂತ ಇಟ್ಟ ನಿಧಿ ಇದೆಯಲ್ಲ, ಕ್ಯಾಂಪಾ ಅಂತಾರೆ, ಅದರಲ್ಲಿ 13 ಕೋಟಿ 86 ಲಕ್ಷ ರೂಪಾಯಿ ಬೇರೆ ಬೇರೆ ಕೆಲಸಕ್ಕೆ ಹೋಗಿದೆಯಂತೆ. ಏನು ತಗೊಂಡರು? ಐಫೋನ್, ಲ್ಯಾಪ್‌ಟಾಪ್, ಫ್ರಿಜ್! ಬೆಂಕಿಗೆ ಕೇಳಿದ್ದು ಹತ್ತು ಕೋಟಿ, ಸಿಗಲಿಲ್ಲ. ಗಿಡದ ದುಡ್ಡಿನಲ್ಲಿ ಹದಿಮೂರು ಕೋಟಿ ಬೇರೆ ದಾರಿ ಹಿಡಿಯಿತು. ದುಡ್ಡಿಲ್ಲ ಅನ್ನೋ ಮಾತು ಎಷ್ಟು ನಿಜ, ನೀವೇ ಹೇಳಿ.

ಕೇಂದ್ರದ ಒಂದು ಯೋಜನೆ ಇದೆ. ಕಾಡಿನ ಬೆಂಕಿ ತಡೆ ಮತ್ತು ನಿರ್ವಹಣಾ ಯೋಜನೆ. 2017-18ರಿಂದ ಈ ಹೆಸರಲ್ಲಿ ನಡೀತಾ ಇದೆ. ನಮ್ಮಂಥ ರಾಜ್ಯಕ್ಕೆ ನೂರು ರೂಪಾಯಿ ಖರ್ಚಾದ್ರೆ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. ಇಡೀ ದೇಶಕ್ಕೆ ಬಜೆಟ್‌ನಲ್ಲಿ ವರ್ಷಕ್ಕೆ ಇಡೋದು 50 ಕೋಟಿ ರೂಪಾಯಿಯ ಆಸುಪಾಸು. ಇಡೀ ದೇಶಕ್ಕೆ! ಈ ದೇಶದ ಕಾಡಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರದೇಶ ಪದೇ ಪದೇ ಬೆಂಕಿಗೆ ತುತ್ತಾಗಬಲ್ಲದ್ದು ಅಂತ ಹೇಳಿದ್ದು ಸರ್ಕಾರದ್ದೇ ಸಂಸ್ಥೆ, ಭಾರತೀಯ ಅರಣ್ಯ ಸರ್ವೇಕ್ಷಣೆ. ಉಪಗ್ರಹದಿಂದ ಬೆಂಕಿ ಕಂಡ ತಕ್ಷಣ ಮೊಬೈಲಿಗೆ ಸಂದೇಶ ಕಳಿಸೋ ವ್ಯವಸ್ಥೆಯನ್ನೂ ಅದೇ ಸಂಸ್ಥೆ ಮಾಡಿದೆ. ಬಹಳ ಒಳ್ಳೆಯದು. ಸಂದೇಶ ಬಂತು. ಆದ್ರೆ ಹೋಗೋರು ಯಾರು? ಜೀಪಿಗೆ ಡೀಸೆಲ್ ಇದೆಯಾ? ವಾಚರ್‌ಗೆ ಕಳೆದ ತಿಂಗಳ ಕೂಲಿ ಸಿಕ್ಕಿದೆಯಾ?

ಇಲ್ಲಿದೆ ನೋಡಿ ವಿಷಯದ ಬೇರು. ದುಡ್ಡು ಎಷ್ಟು ಅನ್ನೋದರ ಜೊತೆ ದುಡ್ಡು ಯಾವಾಗ ಅನ್ನೋದೂ ಮುಖ್ಯ.

ಬೆಂಕಿ ರೇಖೆ ಅಂತ ಕೇಳಿರ್ತೀರಿ. ಕಾಡಿನ ನಡುವೆ ರಸ್ತೆಯ ಹಾಗೆ ಅಗಲವಾದ ಪಟ್ಟಿ ಮಾಡ್ತಾರೆ. ಅಲ್ಲಿನ ಒಣಹುಲ್ಲು, ತರಗೆಲೆ, ಲಂಟಾನ ಎಲ್ಲ ಸವರಿ, ಕಾವಲು ನಿಂತು ಸುಟ್ಟು ಬೋಳು ಮಾಡ್ತಾರೆ. ಬೆಂಕಿ ಬಂದರೆ ಆ ಪಟ್ಟಿಯಲ್ಲಿ ಅದಕ್ಕೆ ತಿನ್ನೋಕೆ ಏನೂ ಸಿಗಲ್ಲ, ಅಲ್ಲೇ ನಿಲ್ಲುತ್ತೆ. ಈ ಕೆಲಸಕ್ಕೆ ಒಂದು ಹದ ಇದೆ. ಹುಲ್ಲು ಒಣಗಿರಬೇಕು, ಆದ್ರೆ ಬೆಳಗಿನ ಇಬ್ಬನಿ ಇನ್ನೂ ಬೀಳ್ತಿರಬೇಕು. ಅಂದ್ರೆ ಡಿಸೆಂಬರ್, ಜನವರಿ. ಸಂಕ್ರಾಂತಿ ದಾಟಿ ಶಿವರಾತ್ರಿ ಹತ್ತಿರ ಬಂತು ಅಂದ್ರೆ ಹದ ಮೀರಿತು. ಆಗ ರೇಖೆ ಸುಡೋಕೆ ಹೋದ್ರೆ ಆ ಬೆಂಕಿಯೇ ಕಾಡಿಗೆ ಹತ್ತಬಹುದು. ರೈತರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆ ಬೀಜ ಬಿತ್ತೋ ಕಾಲಕ್ಕೆ ಬರಬೇಕು, ಕಳೆ ಕೀಳೋ ಕಾಲಕ್ಕೆ ಬಂದರೆ ಏನು ಪ್ರಯೋಜನ?

ಈಗ ದುಡ್ಡಿನ ದಾರಿ ನೋಡಿ. ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದ ಹಣಕಾಸು ಇಲಾಖೆಯಿಂದ ಅರಣ್ಯ ಇಲಾಖೆಗೆ, ಅಲ್ಲಿಂದ ವಿಭಾಗಕ್ಕೆ, ವಿಭಾಗದಿಂದ ವಲಯಕ್ಕೆ. ಫೈಲು ಮೇಜಿಂದ ಮೇಜಿಗೆ ನಡೆದುಕೊಂಡು ಬರುತ್ತೆ. ಬೆಂಕಿ ಓಡಿಕೊಂಡು ಬರುತ್ತೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷದ ಲೆಕ್ಕ ಮುಗಿಸಬೇಕು ಅಂತ ಸರ್ಕಾರಿ ಕಚೇರಿಗಳಲ್ಲಿ ಕೊನೇ ತಿಂಗಳಲ್ಲಿ ಖರ್ಚಿನ ಗಡಿಬಿಡಿ ನಡೆಯುತ್ತಲ್ಲ, ಆ ಗಡಿಬಿಡಿ ಕಾಡಿನ ವಿಷಯದಲ್ಲಿ ಶುದ್ಧ ನಷ್ಟ. ಮಾರ್ಚ್‌ನಲ್ಲಿ ಬಂದ ದುಡ್ಡು ಬೂದಿಯ ಮೇಲೆ ಬಿದ್ದ ದುಡ್ಡು.

ಇನ್ನು ಹೆಲಿಕಾಪ್ಟರ್‌ನ ಬಿಲ್ಲಿನ ವಿಷಯ. ವಾಯುಪಡೆ ಬಂದು ಸಹಾಯ ಮಾಡಿದ್ರೆ ಅದು ಪುಕ್ಕಟೆ ಅಂದುಕೊಂಡಿದ್ದೀರಾ? ಪಕ್ಕದ ಕೇರಳವನ್ನ ಕೇಳಿ. ವಿಪತ್ತಿನ ಸಮಯದಲ್ಲಿ ಜನರನ್ನ ಹೊತ್ತು ತಂದ ಹಾರಾಟಗಳಿಗೆ, ವಯನಾಡಿನ ಭೂಕುಸಿತದ ರಕ್ಷಣೆಯೂ ಸೇರಿ, 132 ಕೋಟಿ 62 ಲಕ್ಷ ರೂಪಾಯಿ ಕಟ್ಟಿ ಅಂತ ಕೇಂದ್ರ ಕೇಳಿದ್ದು 2024ರ ಕೊನೆಯಲ್ಲಿ ದೊಡ್ಡ ಸುದ್ದಿಯಾಯ್ತು. ವಯನಾಡು ಅಂದ್ರೆ ಎಲ್ಲಿ? ಬಂಡೀಪುರದ ಬೇಲಿಯ ಆಚೆ. ಕೊಡಬೇಕಾ, ಬೇಡವಾ, ಆ ರಾಜಕೀಯ ಬಿಡಿ. ನಾನು ಕೇಳೋದು ಇಷ್ಟೇ. ನಾಳೆ ನಮ್ಮ ಕಾಡಿಗೆ ಬೆಂಕಿ ಬಿದ್ದಾಗ ಅಧಿಕಾರಿಯೊಬ್ಬ ಮೊದಲ ದಿನವೇ ಹೆಲಿಕಾಪ್ಟರ್ ಕೇಳೋ ಧೈರ್ಯ ಮಾಡ್ತಾನಾ? ಬಿಲ್ ಯಾರು ಕಟ್ತಾರೆ ಅಂತ ಮೊದಲು ಯೋಚನೆ ಮಾಡ್ತಾನಾ? ಎರಡನೆಯದೇ ಆದ್ರೆ, ಮತ್ತೆ ನಾಲ್ಕನೇ ದಿನಕ್ಕೇ ಹೆಲಿಕಾಪ್ಟರ್ ಬರೋದು.

ಹಾಗಾದ್ರೆ ಏನು ಮಾಡಬೇಕು? ಬರೀ ಬೈದು ಎದ್ದು ಹೋಗೋದು ಸುಲಭ. ನನಗೆ ತೋಚಿದ್ದನ್ನ ಹೇಳ್ತೀನಿ.

ಮೊದಲನೆಯದು, ನೆಲದ ದುಡ್ಡು ಮೊದಲು. ಬೆಂಕಿ ರೇಖೆಯ ಹಣ, ವಾಚರ್‌ಗಳ ಕೂಲಿಯ ಹಣ ದೀಪಾವಳಿಯ ಹೊತ್ತಿಗೆ ವಲಯ ಕಚೇರಿಯ ಖಾತೆಯಲ್ಲಿರಬೇಕು. ವಾಚರ್‌ಗೆ ಬೂಟು, ಬೆಂಕಿ ತಾಳೋ ಬಟ್ಟೆ, ವಾಕಿಟಾಕಿ, ಕುಡಿಯೋಕೆ ನೀರು, ಜೀವ ವಿಮೆ. ಇದೆಲ್ಲ ಭಾರಿ ಬೇಡಿಕೆ ಏನಲ್ಲ. ಒಬ್ಬ ಮನುಷ್ಯನನ್ನ ಬೆಂಕಿಯೊಳಗೆ ಕಳಿಸುವಾಗ ಕೊಡಬೇಕಾದ ಕನಿಷ್ಠ ಮರ್ಯಾದೆ.

ಎರಡನೆಯದು, ಹೆಲಿಕಾಪ್ಟರ್ ಬೇಕು, ಆದ್ರೆ ಮೊದಲೇ ಗೊತ್ತು ಮಾಡಿಟ್ಟಿರಬೇಕು. ಆಸ್ಟ್ರೇಲಿಯಾದವರು 2003ರಲ್ಲೇ ಎಲ್ಲ ರಾಜ್ಯಗಳೂ ಸೇರಿ ಒಂದು ರಾಷ್ಟ್ರೀಯ ಕೇಂದ್ರ ಮಾಡಿಕೊಂಡರು. ವಿಮಾನ, ಹೆಲಿಕಾಪ್ಟರ್‌ಗಳನ್ನ ಬೇಸಿಗೆಗೆ ಅಂತ ಬಾಡಿಗೆಗೆ ಗೊತ್ತು ಮಾಡ್ತಾರೆ. ಕೇಂದ್ರ ಸರ್ಕಾರವೂ ಖರ್ಚಿಗೆ ಕೈಜೋಡಿಸುತ್ತೆ. ಯುರೋಪಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 12 ಹೊಸ ವಿಮಾನಗಳಿಗೆ ಒಕ್ಕೂಟದಿಂದಲೇ 60 ಕೋಟಿ ಯೂರೋ ತೆಗೆದಿಟ್ಟಿದ್ದಾರೆ. ಗ್ರೀಸ್, ಇಟಲಿ, ಸ್ಪೇನ್ ಸೇರಿ ಆರು ದೇಶಗಳಲ್ಲಿ ಅವು ನಿಲ್ಲುತ್ತವೆ. ಒಬ್ಬರ ಮನೆಗೆ ಬೆಂಕಿ ಬಿದ್ದರೆ ಇನ್ನೊಬ್ಬರ ವಿಮಾನ ಬರುತ್ತೆ. ಬಂಡೀಪುರ ಕರ್ನಾಟಕದ್ದು, ಮುದುಮಲೈ ತಮಿಳುನಾಡಿನದ್ದು, ವಯನಾಡು ಕೇರಳದ್ದು. ನಕ್ಷೆಯಲ್ಲಿ ಮೂರು, ಆನೆಗೆ ಒಂದೇ ಕಾಡು, ಬೆಂಕಿಗೂ ಒಂದೇ ಕಾಡು. ಕಾವೇರಿಗೆ ಜಗಳ ಆಡೋ ರಾಜ್ಯಗಳು ಬೇಸಿಗೆಯ ಮೂರು ತಿಂಗಳಿಗೆ ಒಂದೆರಡು ಹೆಲಿಕಾಪ್ಟರ್‌ಗಳನ್ನ ಒಟ್ಟಿಗೆ ಗೊತ್ತು ಮಾಡಿಕೊಳ್ಳೋಕೆ ಆಗಲ್ವಾ? ಯಾವ ಕೆರೆಯಲ್ಲಿ ಮಾರ್ಚ್‌ವರೆಗೂ ನೀರಿರುತ್ತೆ, ಯಾರ ಒಂದು ಫೋನಿಗೆ ಹೆಲಿಕಾಪ್ಟರ್ ಮೇಲೇಳಬೇಕು, ಬಿಲ್ ಯಾರದ್ದು, ಇದೆಲ್ಲ ಜನವರಿಯಲ್ಲೇ ಬರೆದು ಸಹಿ ಹಾಕಿಟ್ಟಿರಬೇಕು.

ಮೂರನೆಯದು, ಕಾಡಂಚಿನ ಜನ. ನಮ್ಮಲ್ಲಿ ಕಾಡಿನ ಬೆಂಕಿ ಬಹುಪಾಲು ಮನುಷ್ಯರ ಕೈಯಿಂದಲೇ ಬೀಳೋದು. ಬೀಡಿಯ ತುಂಡು, ಹೊಸ ಹುಲ್ಲಿನ ಆಸೆ, ಕೆಲವೊಮ್ಮೆ ಇಲಾಖೆಯ ಮೇಲಿನ ಸಿಟ್ಟು. ಆ ಸಿಟ್ಟನ್ನ ಹೆಲಿಕಾಪ್ಟರ್ ಆರಿಸಲ್ಲ. ಊರಿನವರನ್ನ ಕಳ್ಳರ ಹಾಗೆ ನೋಡಿಕೊಂಡು ಬೇಸಿಗೆಯಲ್ಲಿ ಮಾತ್ರ ಬನ್ನಿ ಅಂತ ಕರೆದರೆ ಯಾರು ಬರ್ತಾರೆ?

ಕೊನೆಯದಾಗಿ ನಮ್ಮ ಬುಡಕ್ಕೂ ಬರ್ತೀನಿ. ಹೆಲಿಕಾಪ್ಟರ್‌ನಿಂದ ನೀರು ಬೀಳೋದು ಟಿವಿಗೆ ಚೆನ್ನಾಗಿ ಕಾಣುತ್ತೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಹತ್ತು ಜನ ಕೂಲಿಗಳು ಹುಲ್ಲು ಸವರೋದು ಕಾಣಲ್ಲ. ಅದಕ್ಕೆ ನಾವು ಅದನ್ನ ತೋರಿಸಲ್ಲ. ನಾವು ತೋರಿಸದಿದ್ದಕ್ಕೆ ಮಂತ್ರಿಗಳಿಗೆ ಅದರಲ್ಲಿ ಆಸಕ್ತಿ ಇಲ್ಲ. ಮಂತ್ರಿಗಳಿಗೆ ಆಸಕ್ತಿ ಇಲ್ಲದ್ದಕ್ಕೆ ದುಡ್ಡಿಲ್ಲ. ಈ ಸರಪಳಿಯಲ್ಲಿ ಒಂದು ಕೊಂಡಿ ನಾವು. ತಪ್ಪು ಒಪ್ಪಿಕೊಳ್ತೀನಿ. ಈ ವರ್ಷದ ಡಿಸೆಂಬರ್‌ನಲ್ಲಿ ಈ ಕಾರ್ಯಕ್ರಮದಲ್ಲಿ ನೀವು ಬೆಂಕಿ ರೇಖೆ ನೋಡ್ತೀರಿ. ಇದು ನನ್ನ ಮಾತು. ನೋಡದಿದ್ರೆ ನನ್ನನ್ನ ಕೇಳಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಅಂತ ನಮ್ಮ ಹಿರಿಯರು ನಗ್ತಾ ಹೇಳಿದ ಗಾದೆ. ನಮ್ಮ ಸರ್ಕಾರಗಳು ಅದನ್ನ ನೀತಿ ಮಾಡಿಕೊಂಡಿವೆ. ಭೂಕಂಪಕ್ಕೆ ತಿಥಿ ಇಲ್ಲ, ಪ್ರವಾಹಕ್ಕೆ ಒಂದಿಷ್ಟು ಮುನ್ಸೂಚನೆ ಇದೆ. ಆದ್ರೆ ನಮ್ಮ ಕಾಡಿನ ಬೆಂಕಿ ಮಾತ್ರ ಪ್ರತಿ ವರ್ಷ ಕ್ಯಾಲೆಂಡರ್ ನೋಡಿಕೊಂಡೇ ಬರುತ್ತೆ. ಫೆಬ್ರವರಿ, ಮಾರ್ಚ್, ಏಪ್ರಿಲ್‌ನ ಮೊದಲ ಮಳೆಯವರೆಗೆ. ಬರೋ ತಿಂಗಳು ಗೊತ್ತಿರೋ ಶತ್ರುವಿಗೂ ತಯಾರಿ ಮಾಡಿಕೊಳ್ಳದವರಿಗೆ ಏನನ್ನಬೇಕು?

ಈಗ ನಾನು ಮಾತಾಡ್ತಿರೋ ಹೊತ್ತಿಗೆ ಯಾವುದೋ ಗುಡ್ಡದ ಮೇಲೆ ಒಬ್ಬ ವಾಚರ್ ಸೊಪ್ಪಿನ ಕೊಂಬೆ ಹಿಡಿದು ನಿಂತಿದ್ದಾನೆ. ಅವನ ಮನೆಯಲ್ಲಿ ಹೆಂಡತಿ ಮಕ್ಕಳು ಊಟಕ್ಕೆ ಕಾಯ್ತಿದ್ದಾರೆ. ಅವನು ಇವತ್ತು ರಾತ್ರಿ ಮನೆಗೆ ಬರಬೇಕು. ಅಷ್ಟನ್ನ ಖಾತ್ರಿ ಮಾಡೋಕೆ ಆಗದಿದ್ರೆ ಎಷ್ಟು ಬಕೆಟ್ ನೀರು ಸುರಿದರೂ ನಮ್ಮ ಕೈಗೆ ಅಂಟಿದ ಮಸಿ ಹೋಗಲ್ಲ.

ಯೋಚನೆ ಮಾಡಿ. ನಿಮ್ಮ ಶಾಸಕರು ಸಿಕ್ಕಾಗ ಒಂದೇ ಒಂದು ಪ್ರಶ್ನೆ ಕೇಳಿ: ನಮ್ಮ ಕಾಡಿನ ಬೆಂಕಿ ರೇಖೆಯ ದುಡ್ಡು ಯಾವ ತಿಂಗಳಲ್ಲಿ ಬಂತು?